ವಿಮೆಗೆ ಸೇರದ ಸೊಸೆ

ಸೊಸೆ ಮನೆ ಸೇರಿದಾಗಿನಿಂದ ಮಂಗುಬಾ ಅವಳ ಬಗ್ಗೆ ಆಡುತ್ತಿದ್ದ ಮಾತು ಒಂದೇ. "ನಿರು ಏನು ಕೆಲಸ ಮಾಡ್ತಾಳೆ? ಮೆಷಿನ್ ಒಗೆಯುತ್ತೆ, ಮೆಷಿನ್ ಒಣಗಿಸುತ್ತೆ. ಇವಳು ಮಡಚಿಡ್ತಾಳೆ, ಅಷ್ಟೆ."

ಗುಜರಾತಿನ ಬಾರ್ಡೋಲಿಯಲ್ಲಿದ್ದ ತಂಗಿಗೆ ಫೋನಿನಲ್ಲಿ ಹೀಗೆ ಹೇಳುತ್ತಿದ್ದಳು. ನವರಾತ್ರಿಗೆ ಲಿಟಲ್ ರಾಕ್‌ನಲ್ಲಿ ಸೇರುವ ಬೇರೆ ಮೋಟೆಲುಗಳ ಪಟೇಲ್ ಹೆಂಗಸರ ಮುಂದೆಯೂ ಹೀಗೇ ಹೇಳುತ್ತಿದ್ದಳು. ನಿರು ಪಕ್ಕದಲ್ಲೇ ಇರುತ್ತಿದ್ದಳು, ಕೇಳಿಸಿಕೊಳ್ಳುತ್ತಿದ್ದಳು. ಅತ್ತೆಯ ಬಾಯಿ ಅತ್ತೆಯದು, ಆಡಿಕೊಂಡು ಹೋಗಲಿ ಎಂದು ಬಿಟ್ಟಿದ್ದಳು. ಆ ಮಾತನ್ನು ಬರೆದುಕೊಂಡು ಹೋಗುವುದಕ್ಕೇ ಒಬ್ಬಳು ಬರುತ್ತಾಳೆ ಎಂದು ಯಾರು ಎಣಿಸಿದ್ದರು.

ಅಮೆರಿಕದ ಅರ್ಕಾನ್ಸಾ ರಾಜ್ಯದ ಹಾರ್ಲನ್ ಎನ್ನುವ ಸಣ್ಣ ಊರಿನ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ ಅವರ ಮೋಟೆಲು. ಎರಡು ಅಂತಸ್ತು, ಹೊರಗಡೆಯಿಂದಲೇ ಮೆಟ್ಟಿಲು, ಎತ್ತರದ ಕಂಬದ ಮೇಲೆ ದೊಡ್ಡ ಕಂಪನಿಯ ಹಳದಿ ಫಲಕ. ಕಟ್ಟಡ ಪಟೇಲರದು, ಹೆಸರು ಕಂಪನಿಯದು. ಮಂಗುಬಾಳ ಗಂಡ ಭೀಖುಭಾಯಿ ಕೊಂಡಾಗ ಅದು ಹಾಳುಬಿದ್ದ ಜಾಗ. ಆಗ ಮೆಷಿನ್ನೂ ಇರಲಿಲ್ಲ. ಮಂಗುಬಾ ಸ್ನಾನದ ತೊಟ್ಟಿಯಲ್ಲಿ ಮೊಣಕಾಲೂರಿ ಹಾಸಿಗೆ ಬಟ್ಟೆ ಒಗೆದವಳು. ಬ್ಲೀಚಿನ ಡಬ್ಬಿ ಮಗುಚಿ ಸುಟ್ಟ ಗಾಯದ ಗುರುತು ಎಡಗೈ ತುಂಬ ಇತ್ತು. ಈಗ ಭೀಖುಭಾಯಿ ಗಂಧದ ಹಾರ ಹಾಕಿಸಿಕೊಂಡು ಗೋಡೆಯ ಮೇಲಿದ್ದ. ಮಗ ಹೇಮಂತ ಕೌಂಟರ್ ನೋಡುತ್ತಿದ್ದ, ನಿರು ಒಗೆತದ ಕೋಣೆ ನೋಡುತ್ತಿದ್ದಳು. ಮೊಮ್ಮಗಳು ಜಿಗ್ನಾ ಎರಡು ಗಂಟೆ ದೂರದ ಕಾಲೇಜಿನಲ್ಲಿದ್ದಳು, ಶನಿವಾರ ಭಾನುವಾರ ಬರುತ್ತಿದ್ದಳು. ಮಂಗುಬಾ ಎಲ್ಲರಿಗೂ ಬಾ, ಅಂದರೆ ತಾಯಿ. ಎಲ್ಲರನ್ನೂ ಬೈಯುವ ಹಕ್ಕು ಅವಳದು.

ಸಂಸಾರ ಇದ್ದದ್ದು ಕೌಂಟರಿನ ಹಿಂದಿನ ಬಾಗಿಲಾಚೆ. ಅಲ್ಲೊಂದು ಸಂಸಾರವಿದೆ ಎನ್ನುವುದು ಗಿರಾಕಿಗಳಿಗೆ ಗೊತ್ತಾಗಕೂಡದು. ಗಿರಾಕಿಗಳು ಬರುವ ಹೊತ್ತಿನಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ. ಹಾಕಲೇಬೇಕಾದರೆ ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕಬೇಕು. ಕಂಪನಿಯ ಪರೀಕ್ಷಕರು ಬರುವ ದಿನವಂತೂ ಮನೆಯೇ ಮಾಯವಾಗಬೇಕು. ಚಪ್ಪಲಿ ಒಳಗೆ, ಬಿಸಿಲಿಗಿಟ್ಟ ಉಪ್ಪಿನಕಾಯಿ ಜಾಡಿ ಒಳಗೆ, ಹೆಂಗಸರು ಒಳಗೆ. ಇದರಲ್ಲಿ ಮಂಗುಬಾ ಎಷ್ಟು ಪಳಗಿದ್ದಳೆಂದರೆ ಹೇಮಂತ ಒಮ್ಮೆ ಕೆಮ್ಮಿದರೆ ಸಾಕು, ಪರೀಕ್ಷಕ ಕಾರಿನಿಂದ ಇಳಿಯುವಷ್ಟರಲ್ಲಿ ಮನೆ ಇಲ್ಲವಾಗಿರುತ್ತಿತ್ತು.

ಜನವರಿಯಲ್ಲಿ ಕಂಪನಿಯ ಕಾಗದ ಬಂತು. ಒಪ್ಪಂದ ಹೊಸದಾಗಿ ಬರೆಯಬೇಕಿತ್ತು, ಅದರ ಜೊತೆಗೆ ವಿಮೆಯನ್ನೂ ಹೆಚ್ಚಿಸಬೇಕಿತ್ತು. ಊಟಕ್ಕೆ ಕೂತಾಗ ಹೇಮಂತ ಅದನ್ನು ಓದಿ ಹೇಳಿದ. ಕಟ್ಟಡ ಸುಟ್ಟುಹೋದರೆ ಮತ್ತೆ ಹೊಸದಾಗಿ ಕಟ್ಟುವಷ್ಟು ವಿಮೆ ಬೇಕಂತೆ. ಗಿರಾಕಿ ಜಾರಿ ಬಿದ್ದರೆ ಅದಕ್ಕೊಂದು, ಇವೆಲ್ಲ ಸಾಲದೆ ಬಂದರೆ ಇವುಗಳ ಮೇಲೆ ಕೊಡೆ ಹಿಡಿದ ಹಾಗೆ ಇನ್ನೊಂದು. ಪ್ರತಿಯೊಂದರಲ್ಲೂ ತಮ್ಮ ಜೊತೆ ಕಂಪನಿಯ ಹೆಸರೂ ಇರಬೇಕು. ಹೋಟೆಲಿನಲ್ಲಿ ಕೆಲಸ ಮಾಡುವ ಎಲ್ಲರಿಗೂ ನೌಕರರ ವಿಮೆ ಮಾಡಿಸಿರಬೇಕು. ಫೆಬ್ರವರಿ ಮುಗಿಯುವುದರೊಳಗೆ ವಿಮೆ ಪತ್ರ ಕೈಸೇರದಿದ್ದರೆ ಫಲಕ ಇಳಿಸುತ್ತಾರೆ. ಫಲಕ ಇಳಿದರೆ ಕಂಪನಿಯ ಕಂಪ್ಯೂಟರ್ ಈ ಕಡೆಗೆ ಒಬ್ಬ ಗಿರಾಕಿಯನ್ನೂ ಕಳಿಸುವುದಿಲ್ಲ.

"ನೆಲ ನಮ್ಮದು, ಗೋಡೆ ನಮ್ಮದು, ಬೆಂಕಿ ಬಿದ್ರೆ ಸಾಯೋರು ನಾವು. ಅವರ ಹೆಸರು ಯಾಕೆ?" ಎಂದಳು ಮಂಗುಬಾ.

"ಅದು ಹಾಗೇ, ಬಾ."

ಜಿಗ್ನಾ ಆ ವಾರ ಬಂದಿದ್ದಳು. ಕಢಿಗೆ ಅನ್ನ ಕಲಸುತ್ತ ಕೇಳಿದಳು, "ಕೆಲಸ ಮಾಡೋ ಎಲ್ಲರೂ ಅಂದ್ರೆ ಯಾರ್ಯಾರು, ಪಪ್ಪಾ?"

"ಕೋಣೆ ಗುಡಿಸೋ ಡಾರ್ಲೀನ್, ಕಾರ್ಲಾ. ರಾತ್ರಿ ಕೌಂಟರಿನ ವೇನ್."

"ಮಮ್ಮಿ?"

"ಮಮ್ಮಿ ಮನೆಯವಳು."

ತಲೆ ಹೆಚ್ಚಾದಷ್ಟೂ ಕಂತು ಹೆಚ್ಚಾಗುತ್ತದೆ ಎಂದು ಹೇಮಂತ ಬಿಡಿಸಿ ಹೇಳಿದ. ಅಗ್ಗಕ್ಕೆ ಕೊಡುವ ಒಂದು ವಿಮಾ ಕಂಪನಿಯನ್ನು ಹುಡುಕಿದ್ದ. ಮನೆಯವರು ಇಲ್ಲಿ ಬರೀ ವಾಸವಿದ್ದಾರೆ, ಹೋಟೆಲಿನ ಯಾವ ಕೆಲಸವನ್ನೂ ಮಾಡುವುದಿಲ್ಲ ಎಂದು ಅವರಿಗೆ ಬರೆದು ಸಹಿ ಹಾಕಿಯೂ ಆಗಿತ್ತು. ಅವರ ಕಡೆಯವರೊಬ್ಬರು ಬಂದು ಒಂದು ಸಲ ನೋಡಿ ಹೋದರೆ ಪತ್ರ ಕೈಗೆ ಬರುತ್ತಿತ್ತು. ಲಿಟಲ್ ರಾಕ್‌ನ ನಟುಕಾಕಾನೂ ಹೀಗೇ ಮಾಡಿದ್ದಾನೆ, ಎಲ್ಲರೂ ಹೀಗೇ ಮಾಡುತ್ತಾರೆ ಎಂದ.

"ಡಾರ್ಲೀನ್‌ಗೆ ಗಂಟೆ ಲೆಕ್ಕದಲ್ಲಿ ಸಂಬಳ, ವಿಮೆ. ಮಮ್ಮಿಗೆ?"

ಮಂಗುಬಾಗೆ ರೇಗಿತು. "ಮನೆ ಹೆಂಗಸಿಗೆ ಸಂಬಳ ಎಣಿಸಿಕೊಟ್ರೆ ಅದು ಮನೆಯೇನೇ, ಹೋಟೆಲ್ಲಾ?"

"ಹೋಟೆಲ್ಲೇ, ಬಾ. ಹೊರಗೆ ಫಲಕ ಇದೆ ನೋಡಿ."

ಹೇಮಂತನಿಗೆ ನಗು ಬಂತು, ಅವ್ವನ ಮುಖ ನೋಡಿ ನುಂಗಿಕೊಂಡ. ನಿರು ಒಲೆಯ ಮುಂದೆ ನಿಂತು ಅವರಿಗೆ ರೊಟ್ಲಿ ಸುಡುತ್ತಿದ್ದಳು. ಈ ಮನೆಯಲ್ಲಿ ಹೊರಗೆ ದುಡಿದು ಬಂದವರಿಗೆ ಮೊದಲು ಬಿಸಿ ರೊಟ್ಲಿ, ಆಮೇಲೆ ಮಕ್ಕಳಿಗೆ, ಆಮೇಲೆ ಅತ್ತೆಗೆ. ಸುಡುವವಳು ಕೊನೆಗೆ, ಆರಿದ್ದನ್ನು ತಿನ್ನಬೇಕು. ಮಂಗುಬಾನೂ ತನ್ನ ಅತ್ತೆ ಸಾಯುವ ತನಕ ಹಾಗೇ ತಿಂದವಳು.

ಆ ವಾರವೇ ಮಂಜುಗಡ್ಡೆಯ ಮಳೆ ಬಿತ್ತು. ಮಾರನೆಯ ಬೆಳಿಗ್ಗೆ ಹೇಮಂತ ಉಪ್ಪಿನ ಚೀಲ ಹೊತ್ತುಕೊಂಡು ಹೋಗಿ, ಗಡ್ಡೆಕಟ್ಟಿದ್ದು ಕರಗಲೆಂದು ಮುಂದಿನ ಮೆಟ್ಟಿಲಿಗೆಲ್ಲ ಸುರಿದ. ಗಿರಾಕಿಗಳು ಓಡಾಡುವುದು ಅಲ್ಲಿ, ಅವರು ಬಿದ್ದರೆ ದಾವೆ ಹೂಡುತ್ತಾರೆ. ಒಗೆತದ ಕೋಣೆಗೆ ಇಳಿಯುವ ಹಿಂದಿನ ಮೆಟ್ಟಿಲಿಗೆ ಹಾಕಲಿಲ್ಲ. ಉಪ್ಪು ಮುಗಿದಿರಲಿಲ್ಲ. ಅಲ್ಲಿ ಓಡಾಡುವವರು ಮನೆಯವರೇ, ಅದಕ್ಕೇ ಹಾಕಲಿಲ್ಲ.

ನಿರು ಮೇಲಿನ ಕೋಣೆಗಳ ಕೊಳೆ ಬಟ್ಟೆಯ ಮೂಟೆಯನ್ನು ಬೆನ್ನಿಗೆ ಹಾಕಿಕೊಂಡು ಇಳಿಯುತ್ತಿದ್ದಳು. ಮಂಗುಬಾ ಅಡುಗೆಮನೆಯಲ್ಲಿದ್ದಳು. ಧಡಧಡ ಸದ್ದಾಯಿತು. ಓಡಿ ಹೋಗಿ ನೋಡಿದರೆ ಸೊಸೆ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದಳು. ಸುತ್ತ ಬಿಳಿ ಹಾಸುಗಳು ಹರಡಿದ್ದವು, ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಾಗಿತ್ತು.

"ಮೂಟೆ ಒದ್ದೆಯಾಯ್ತು, ಬಾ," ಎಂದಳು ನಿರು. ಆಮೇಲೆ ಹಲ್ಲು ಕಚ್ಚಿಕೊಂಡು ಕಣ್ಣು ಮುಚ್ಚಿದಳು.

ಡಾರ್ಲೀನ್ ಓಡಿ ಬಂದು ತನ್ನ ಕೋಟು ಬಿಚ್ಚಿ ಹೊದಿಸಿದಳು. ಆಸ್ಪತ್ರೆಯಲ್ಲಿ ನರ್ಸು ಮೊದಲು ಕೇಳಿದ್ದೇ, ಕೆಲಸ ಮಾಡುವಾಗ ಬಿದ್ದದ್ದೋ ಎಂದು. ನಿರು ಬಾಯಿ ತೆರೆಯುವ ಮುಂಚೆ ಹೇಮಂತ ಉತ್ತರ ಕೊಟ್ಟ. ಅಲ್ಲ, ಮನೆಯಲ್ಲಿ, ಸ್ನಾನದ ಮನೆಯಲ್ಲಿ ಜಾರಿದಳು. ನಿರು ಗಂಡನ ಮುಖವನ್ನೇ ನೋಡಿದಳು. ಅವನು ಗೋಡೆಯ ಮೇಲಿನ ಯಾವುದೋ ಫಲಕ ಓದುತ್ತಿದ್ದ.

ಮೂಳೆ ಎರಡು ಕಡೆ ಮುರಿದಿತ್ತು. ಕೊಯ್ದು ತಗಡು ಕೂರಿಸಿದರು. ಅವರಿಗಿದ್ದ ಆರೋಗ್ಯ ವಿಮೆ ಹೆಸರಿಗಷ್ಟೇ ಇದ್ದದ್ದು. ಬಿಲ್ಲಿನ ದೊಡ್ಡ ಪಾಲು ಇವರ ಮೇಲೇ ಬಿತ್ತು.

ವಿಷಯ ಕೇಳಿ ಕಾಲೇಜಿನಿಂದ ಬಂದ ಜಿಗ್ನಾ ಅಪ್ಪನನ್ನು ಅಡುಗೆಮನೆಯಲ್ಲೇ ಹಿಡಿದಳು. "ಆ ಮೆಟ್ಟಿಲ ಮೇಲೆ ಗಿರಾಕಿ ಬಿದ್ದಿದ್ರೆ ವಿಮೆಯವರು ಕೊಡ್ತಿದ್ರು. ಹೌದಾ?"

"ಹೌದು."

"ಡಾರ್ಲೀನ್ ಬಿದ್ದಿದ್ರೆ?"

"ಅವಳಿಗೂ ಕೊಡ್ತಿದ್ರು. ಈಗ ಅದೆಲ್ಲ ಯಾಕೆ ಜಿಗ್ನಾ?"

"ದಾರಿಹೋಕ ಕುಡಿದು ಬಂದು ಬಿದ್ದಿದ್ರೂ ಕೊಡ್ತಿದ್ರೇನೋ. ಮಮ್ಮಿಗೊಬ್ಬಳಿಗೆ ಇಲ್ಲ."

ನಿರು ಕೈಗೆ ಪಟ್ಟಿ ಕಟ್ಟಿಸಿಕೊಂಡು ಕುರ್ಚಿಯ ಮೇಲೆ ಕೂತಿದ್ದಳು. ಜಗಳವಾಡುತ್ತಿದ್ದ ಇಬ್ಬರ ಕಡೆಗೂ ನೋಡಲಿಲ್ಲ. "ಗಿರಾಕಿ ಅಲ್ಲ. ಕೆಲಸದವಳೂ ಅಲ್ಲ. ಹಾಗಾದ್ರೆ ನಾನು ಇಲ್ಲಿ ಯಾರು?" ಎಂದು ಕೇಳಿದಳು, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುವ ಹಾಗೆ.

"ಈ ಮನೆ ಸೊಸೆ. ಇದೂ ಹೇಳ್ಕೊಡ್ಬೇಕಾ?" ಎಂದಳು ಮಂಗುಬಾ. ಆದರೆ ಎಂದಿನ ಬಿರುಸು ಆ ದನಿಯಲ್ಲಿರಲಿಲ್ಲ.

ಒಗೆತದ ಕೋಣೆ ಮತ್ತೆ ಮಂಗುಬಾಳ ತಲೆಗೆ ಬಂತು. ಮೆಷಿನ್ ಒಗೆಯುತ್ತದೆ, ನಿಜ. ಆದರೆ ಒದ್ದೆ ಹಾಸನ್ನು ಮೆಷಿನ್ನಿನ ಹೊಟ್ಟೆಯಿಂದ ಎಳೆಯುವುದು ಮೆಷಿನ್ ಅಲ್ಲ. ಎಮ್ಮೆಯ ಕರು ಎಳೆದ ಹಾಗೆ ಎಳೆಯಬೇಕಿತ್ತು. ಸುತ್ತಲೂ ಇಲಾಸ್ಟಿಕ್ ಇರುವ ಹಾಸು ಅವಳ ಕಾಲದಲ್ಲಿ ಇರಲಿಲ್ಲ, ಅದನ್ನು ಹೇಗೆ ಮಡಚಿದರೂ ಮುದ್ದೆಯಾಗುತ್ತಿತ್ತು. ನಿರು ಅದೇ ಹಾಸನ್ನು ಪುಸ್ತಕದ ಹಾಗೆ ಮಡಚಿ ಪೇರಿಸುತ್ತಿದ್ದಳು. ಹೇಗೆ ಎಂದು ಕೇಳಬಹುದಿತ್ತು. ಮಂಗುಬಾ ಕೇಳಲಿಲ್ಲ. ಮುದ್ದೆ ಮುದ್ದೆಯಾಗಿಯೇ ಪೇರಿಸಿದಳು. ಡಾರ್ಲೀನ್ ಅದನ್ನು ನೋಡಿ ಬಿಚ್ಚಿ ಮತ್ತೆ ಮಡಚಿದಳು. ಆ ಹೊತ್ತನ್ನೂ ಸಂಬಳದ ಚೀಟಿಗೆ ಸೇರಿಸಿದಳು. ಸೇರಿಸದೆ ಇರಲು ಅವಳಿಗೇನು ಹುಚ್ಚೇ?

ಅಡುಗೆಯೂ ಕೆಟ್ಟಿತು. ಮಧ್ಯಾಹ್ನದವರೆಗೆ ಒಗೆತದಲ್ಲಿ ನಿಂತು ಬಂದ ಮುದುಕಿಯ ಕೈಯಲ್ಲಿ ರೊಟ್ಲಿ ದುಂಡಗೆ ಬರುತ್ತಿರಲಿಲ್ಲ. ದಿನಾ ಖಿಚಡಿ. ಖಿಚಡಿಯೂ ಇಲ್ಲದ ದಿನ ಗಿರಾಕಿಗಳ ತಿಂಡಿಯ ಕೋಣೆಯಲ್ಲಿ ಉಳಿದ ಬ್ರೆಡ್ಡಿಗೆ ಮಾವಿನ ಉಪ್ಪಿನಕಾಯಿ ಸವರಿಕೊಂಡು ತಿಂದರು. ಹೇಮಂತ ಗೊಣಗಿದ. ನಿರು ಎಡಗೈಯಲ್ಲಿ ಚಮಚ ಹಿಡಿದು ಉಂಡಳು.

ಒಂದು ದಿನ ಊಟವಾದ ಮೇಲೆ ನಿರು ಗಂಡನಿಗೆ ಹೇಳಿದಳು, "ನೋಡೋಕೆ ಬರೋರು ಬರೋ ಮುಂಚೆ ನನ್ನ ಹೆಸರೂ ಬರೆಸಿಬಿಡಿ. ಬಿದ್ದದ್ದಕ್ಕೆ ಕೊಡದೆ ಇದ್ರೆ ಬೇಡ. ಇನ್ನು ಮುಂದಕ್ಕಾದರೂ ಇರಲಿ."

"ಈಗ ಬರೆಸಿದ್ರೆ, ಮುಂಚೆ ಯಾಕೆ ಬರೆಸಲಿಲ್ಲ ಅಂತ ಕೇಳ್ತಾರೆ ನಿರು. ಸುಳ್ಳು ಹೇಳಿದೀನಿ ಅಂತ ವಿಮೆನೇ ಕೊಡದೆ ಹೋದ್ರೆ? ತಿಂಗಳು ಮುಗೀತಾ ಬಂತು. ಫಲಕ ಇಳಿಸ್ತಾರೆ."

"ಯಾವಾಗ ಬರೆಸ್ತೀರಿ?"

"ಬರೋ ವರ್ಷ ನೋಡೋಣ."

"ಬರೋ ವರ್ಷ ಕಂತು ಇನ್ನೂ ಜಾಸ್ತಿ ಆಗಿರುತ್ತೆ."

"ನಿನಗೇನು ಕಡಿಮೆ ಮಾಡಿದೀನಿ ಈ ಮನೇಲಿ?"

"ಕಡಿಮೆ ಅನ್ನಲಿಲ್ಲ. ಬರೆಸಿ ಅಂದೆ, ಅಷ್ಟೆ."

ಹೇಮಂತ ಎದ್ದು ಕೌಂಟರಿಗೆ ಹೋದ. ಅವನು ಕೆಟ್ಟವನಲ್ಲ. ಅವನ ಕಣ್ಣಿಗೆ ಹಳದಿ ಫಲಕ ಬಿಟ್ಟರೆ ಬೇರೇನೂ ಕಾಣಿಸುತ್ತಿರಲಿಲ್ಲ. ಅಪ್ಪ ಹಾಳು ಗೋಡೆಗೆ ಬಣ್ಣ ಬಳಿದು ಬಳಿದು ತಂದ ಫಲಕ ಅದು, ತನ್ನ ಕೈಯಲ್ಲಿ ಇಳಿಯಬಾರದು ಎನ್ನುವುದೊಂದೇ ಅವನ ತಲೆಯಲ್ಲಿ. ಒಳಗೆ ಮಂಗುಬಾ ಸೊಸೆಯ ತಟ್ಟೆ ತೆಗೆಯಹೋದಳು. ನಿರು ಬಿಡಲಿಲ್ಲ, ಎಡಗೈಯಲ್ಲೇ ಎತ್ತಿಕೊಂಡು ಹೋಗಿ ತೊಳೆದಿಟ್ಟಳು.

ವಿಮೆಯವರು ಬರುವ ದಿನ ಗೊತ್ತಾಯಿತು. ಹಿಂದಿನ ದಿನ ಹೇಮಂತ ಅವ್ವನನ್ನು ಕೂರಿಸಿಕೊಂಡು ಪಾಠ ಹೇಳಿಕೊಟ್ಟ. ಆದಷ್ಟು ಒಳಗೇ ಇರು, ಅಕಸ್ಮಾತ್ ಕೇಳಿದರೆ ನಾನೂ ಸೊಸೆಯೂ ಇಲ್ಲಿ ಏನೂ ಕೆಲಸ ಮಾಡುವುದಿಲ್ಲ ಅನ್ನು, ಬೇರೊಂದು ಮಾತೂ ಆಡಬೇಡ ಎಂದ.

"ಇಷ್ಟಕ್ಕೆ ಪಾಠ ಬೇಕಾ? ದಿನಾ ಅದನ್ನೇ ಹೇಳೋದು ನಾನು," ಎಂದಳು ಮಂಗುಬಾ.

ಬಂದದ್ದು ಮಿಸೆಸ್ ವಿಟ್ಲೋ ಎನ್ನುವ ಹೆಂಗಸು. ದಪ್ಪ ಬೂಟು, ಮೆತ್ತಗಿನ ದನಿ, ಕೈಯಲ್ಲಿ ಬರೆದುಕೊಳ್ಳುವ ಹಲಗೆ. ಹೇಮಂತ ಕೆಮ್ಮಿದ, ಮನೆ ಮಾಯವಾಯಿತು. ಅವಳು ಬೆಂಕಿ ಆರಿಸುವ ಸಿಲಿಂಡರುಗಳನ್ನು ನೋಡಿದಳು, ಮೆಟ್ಟಿಲ ಕಟಕಟೆಯನ್ನು ಅಲ್ಲಾಡಿಸಿ ನೋಡಿದಳು. ಒಗೆತದ ಕೋಣೆಗೂ ಹೋದಳು. ಅಲ್ಲಿ ನಿರುವಿನ ಹಳೇ ಸ್ವೆಟರ್ ಮೊಳೆಗೆ ನೇತಾಡುತ್ತಿತ್ತು. ಒಣಗಿಸುವ ಮೆಷಿನ್ನಿನ ಮೇಲೆ ಅಂಬಾಮಾತೆಯ ಚಿತ್ರ ಅಂಟಿಸಿತ್ತು, ಪಕ್ಕದಲ್ಲಿ ಗುಜರಾತಿ ಕ್ಯಾಲೆಂಡರಿತ್ತು. ಹಿಂದಿನ ದಿನ ಉಪ್ಪಿನಕಾಯಿ ಜಾಡಿಯನ್ನು ಮರೆಯದೆ ಒಳಗಿಟ್ಟಿದ್ದ ಮಂಗುಬಾಗೆ ಇವು ನೆನಪಾಗಿರಲಿಲ್ಲ. ಇವೆಲ್ಲ ಯಾರವು ಎಂದು ಮಿಸೆಸ್ ವಿಟ್ಲೋ ಕೇಳಿದಳು. ಅವ್ವ ಹೊತ್ತು ಹೋಗದೆ ಆಗಾಗ ಬಂದು ಕೂರುತ್ತಾಳೆ ಎಂದ ಹೇಮಂತ.

ಅಷ್ಟರಲ್ಲಿ ಕೌಂಟರಿನ ಗಂಟೆ ಸದ್ದಾಯಿತು. ಯಾರೋ ಲಾರಿ ಚಾಲಕ ಕೋಣೆ ಕೇಳಿಕೊಂಡು ಬಂದಿದ್ದ. ಹೇಮಂತ ಅತ್ತ ಹೋಗಲೇಬೇಕಾಯಿತು. ಅವನ ಬೆನ್ನು ತಿರುಗಿದ್ದೇ ತಡ ಮಿಸೆಸ್ ವಿಟ್ಲೋ ಮನೆಯ ಹಿಂಬಾಗಿಲು ತಟ್ಟಿದಳು.

ತೆರೆದದ್ದು ನಿರು. ಅವಳ ಕೈಯ ಪಟ್ಟಿಯನ್ನು ನೋಡಿ ಆ ಹೆಂಗಸು ಮರುಕದಿಂದ ಏನೋ ಅಂದಳು. ಮಂಗುಬಾ ಸೋಫಾದ ಮೇಲೆ ಕೂತಿದ್ದಳು. ಅವಳಿಗೆ ಇಂಗ್ಲಿಷ್ ಅಲ್ಲೊಂದು ಇಲ್ಲೊಂದು ಮಾತು ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಮಿಸೆಸ್ ವಿಟ್ಲೋ ಅವಳ ಕಡೆ ತಿರುಗಿ ನಿಧಾನವಾಗಿ ಒಂದು ಪ್ರಶ್ನೆ ಕೇಳಿದಳು, ಇದನ್ನು ನಿಮ್ಮ ಅತ್ತೆಗೆ ಹೇಳ್ತೀರಾ ಎಂದು ನಿರುವನ್ನು ಕೇಳಿಕೊಂಡಳು.

ನಿರು ಅತ್ತೆಯ ಎದುರು ನಿಂತಳು. "ಕೇಳ್ತಿದಾರೆ, ಬಾ. ನಿಮ್ಮ ಸೊಸೆ ಈ ಹೋಟೆಲಲ್ಲಿ ಕೆಲಸ ಮಾಡ್ತಾರಾ ಅಂತ."

ಮಂಗುಬಾಳ ಕಣ್ಣು ಮೊದಲು ಪಟ್ಟಿ ಕಟ್ಟಿದ ಕೈಯ ಮೇಲೆ ಹೋಯಿತು. ಪಟ್ಟಿಯಿಂದ ಹೊರಗೆ ಚಾಚಿದ್ದ ಬೆರಳುಗಳು ಇನ್ನೂ ಊದಿಕೊಂಡಿದ್ದವು. ಕೌಂಟರಿನ ಕಡೆಯ ಬಾಗಿಲಾಚೆ ಹೇಮಂತ ಲಾರಿಯವನಿಗೆ ಕೀಲಿ ಕೊಡುತ್ತಿದ್ದ, ಅವನ ದನಿ ಕೇಳಿಸುತ್ತಿತ್ತು. ಹಾರ ಹಾಕಿದ ಭೀಖುಭಾಯಿ ಗೋಡೆಯಿಂದ ನೋಡುತ್ತಿದ್ದ.

"ಇಲ್ಲ," ಎಂದಳು ಮಂಗುಬಾ. "ಇವಳು ಏನೂ ಕೆಲಸ ಮಾಡಲ್ಲ."

ನಿರು ತಿರುಗಲಿಲ್ಲ. "ಇನ್ನೊಂದು ಸಲ ಹೇಳಿ, ಬಾ. ನೀವು ಹೇಳಿದ್ದನ್ನೇ ನಾನು ಹೇಳ್ಬೇಕು."

"ಇವಳು ಇಲ್ಲಿ ಏನೂ ಕೆಲಸ ಮಾಡಲ್ಲ. ಹೇಳು."

ನಿರು ಆ ಹೆಂಗಸಿನ ಕಡೆ ತಿರುಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಒಂದು ಮಾತು ಕೂಡಿಸಲಿಲ್ಲ, ಒಂದು ಮಾತು ಕಳೆಯಲಿಲ್ಲ. ಮಿಸೆಸ್ ವಿಟ್ಲೋ ಇಬ್ಬರನ್ನೂ ನೋಡಿ ಹಲಗೆಯ ಮೇಲೆ ಬರೆದುಕೊಂಡಳು. ಕೈ ಬೇಗ ವಾಸಿಯಾಗಲಿ ಎಂದು ಹಾರೈಸಿ ಹೋದಳು.

ಅವಳ ಕಾರು ಹೋದ ಮೇಲೆ ಮಂಗುಬಾ ದನಿ ಎತ್ತಿದಳು. ತಾನಾಗಿ ಹೇಳಿದ್ದಲ್ಲ, ಮಗ ಹೇಳಿಕೊಟ್ಟದ್ದು, ಎಲ್ಲರ ಅನ್ನದ ಪ್ರಶ್ನೆ ಎಂದೆಲ್ಲ ಹೇಳಿಕೊಂಡಳು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ನಿರು ಎಡಗೈಯಲ್ಲಿ ಸೊಪ್ಪು ಬಿಡಿಸುತ್ತ ಹೂಂ ಎಂದಳು.

ವಿಮೆ ಪತ್ರ ಬಂತು. ಹೇಮಂತ ಅದನ್ನು ಕಂಪನಿಗೆ ಕಳಿಸಿದ, ಫಲಕ ಉಳಿಯಿತು. ಲಿಟಲ್ ರಾಕ್‌ನಿಂದ ಪೇಡೆ ತರಿಸಿ ದೇವರ ಮುಂದಿಟ್ಟು ಎಲ್ಲರಿಗೂ ಹಂಚಿದ. ನಿರು ತನ್ನ ಪಾಲಿನದನ್ನು ತಿಂದಳು. ಮಂಗುಬಾ ತನ್ನದನ್ನು ಹಲ್ಲಿಗೆ ಅಂಟುತ್ತದೆ ಎಂದು ತೆಗೆದಿಟ್ಟಳು.

ಚಳಿ ಕಡಿಮೆಯಾಯಿತು. ಡಾಕ್ಟರು ನಿರುವಿನ ಪಟ್ಟಿ ಬಿಚ್ಚಿದರು. ಇನ್ನೂ ಕೆಲವು ವಾರ ಕೈಗೆ ವ್ಯಾಯಾಮ ಕೊಟ್ಟು ಆಮೇಲೆ ಎಂದಿನ ಕೆಲಸ ಮಾಡಬಹುದು ಎಂದರು. ಆ ವಾರಗಳೂ ಕಳೆದವು. ಸೊಸೆ ರೊಟ್ಲಿ ಲಟ್ಟಿಸತೊಡಗಿದಾಗ ಮಂಗುಬಾ ದೇವರಿಗೆ ಎರಡು ಬತ್ತಿ ಹೆಚ್ಚಾಗಿ ಹಚ್ಚಿದಳು. ಇನ್ನು ಒಗೆತದ ಕೋಣೆಯೂ ಅವಳ ಕೈಗೆ ಹೋಗುತ್ತದೆ, ತನ್ನ ಸೊಂಟ ಉಳಿಯಿತು ಎಂದುಕೊಂಡಳು.

ಸೋಮವಾರ ಬೆಳಿಗ್ಗೆ ನಿರು ಅಡುಗೆ ಮುಗಿಸಿದಳು, ಚಹಾ ಮಾಡಿಕೊಂಡಳು, ಕಿಟಕಿಯ ಹತ್ತಿರ ಕೂತಳು.

"ಕೆಳಗೆ ಬಟ್ಟೆ ಗುಡ್ಡೆ ಬಿದ್ದಿದೆ," ಎಂದಳು ಮಂಗುಬಾ.

"ಬಿದ್ದಿರಬಹುದು."

"ಕೈ ನೋಯುತ್ತಾ ಇನ್ನೂ?"

"ಇಲ್ಲ, ಬಾ. ಚೆನ್ನಾಗಿದೆ."

"ಮತ್ತೆ?"

ನಿರು ಲೋಟ ಕೆಳಗಿಟ್ಟಳು. "ನಾನು ಇಲ್ಲಿ ಏನೂ ಕೆಲಸ ಮಾಡಲ್ಲ. ನೀವೇ ಹೇಳಿದ್ರಿ. ಎರಡು ಸಲ ಹೇಳಿದ್ರಿ. ನಾನೇ ಅದನ್ನ ಅವರಿಗೆ ಹೇಳಿದೆ."

ಮಂಗುಬಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮೆಟ್ಟಿಲಿಳಿದು ತಾನೇ ಒಗೆತದ ಕೋಣೆಗೆ ಹೋದಳು.

ಅದಾದ ಮೇಲೆ ನಿರು ಮಾಡಿದ ಕೆಲಸಕ್ಕೆ ಹಾರ್ಲನ್ ಊರಿನ ನಾಲ್ಕು ಪಟೇಲ್ ಮನೆಗಳಲ್ಲೂ ಮಾತೋ ಮಾತು. ಹೆದ್ದಾರಿಯ ಆಚೆ ಬದಿಯಲ್ಲಿ ಇವರದಕ್ಕಿಂತ ದೊಡ್ಡ ಹೋಟೆಲೊಂದಿತ್ತು, ಅದರ ಮಾಲೀಕರು ಯಾರೋ ದೂರದವರು. ನಿರು ಅಲ್ಲಿಗೆ ಹೋಗಿ ಒಗೆತದ ಕೆಲಸ ಕೇಳಿದಳು. ಇಷ್ಟು ವರ್ಷ ಎಲ್ಲಿ ಮಾಡಿದ್ದೀರಿ ಎಂದು ಅವರು ಕೇಳಿದರಂತೆ. ಎಲ್ಲಿಯೂ ಮಾಡಿಲ್ಲ ಎಂದಳಂತೆ. ಒಂದು ಇಲಾಸ್ಟಿಕ್ ಹಾಸು ಕೊಟ್ಟು ಮಡಚಿ ಎಂದರಂತೆ. ಮಡಚಿ ಕೊಟ್ಟಳು. ನಾಳೆಯಿಂದಲೇ ಬನ್ನಿ ಎಂದರು.

ಹೇಮಂತ ಕುದಿದುಹೋದ. "ಮೋಟೆಲ್ ಮಾಲೀಕನ ಹೆಂಡತಿ ಎದುರು ಹೋಟೆಲಲ್ಲಿ ಕೊಳೆ ಬಟ್ಟೆ ಒಗೀತಾಳೆ. ಪಟೇಲರೆಲ್ಲ ನಗ್ತಾರೆ. ನಟುಕಾಕಾಗೆ ನಾನು ಏನು ಹೇಳಲಿ?"

"ಇಲ್ಲಿ ಒಗೀತಿದ್ದಾಗ ಯಾರೂ ನಗಲಿಲ್ಲ."

"ಇದು ನಮ್ಮದು. ನಮ್ಮ ಮನೆ."

"ಮನೆ ಕೆಲಸ ಬಿಟ್ಟಿಲ್ಲ ನಾನು. ಅಡುಗೆ ಮಾಡಿಟ್ಟೇ ಹೋಗ್ತೀನಿ. ಬಿಟ್ಟದ್ದು ಹೋಟೆಲ್ ಕೆಲಸ. ಅದನ್ನ ನಾನು ಯಾವತ್ತೂ ಮಾಡೇ ಇಲ್ಲವಲ್ಲ."

ಹೇಮಂತ ಅವ್ವನ ಕಡೆ ತಿರುಗಿ ನೀನಾದರೂ ಹೇಳು ಎಂದ. ಮಂಗುಬಾ ಅವರೆಕಾಯಿ ಬಿಡಿಸುತ್ತಿದ್ದಳು. "ನೀನು ಹೇಳ್ಕೊಟ್ಟದ್ದನ್ನೆಲ್ಲ ಒಂದು ಸಲ ಹೇಳಿ ಆಗಿದೆ, ದೀಕ್ರಾ. ಇನ್ನು ನನ್ನ ಕೇಳ್ಬೇಡ," ಎಂದಳು.

ಫೋನಿನಲ್ಲಿ ಜಿಗ್ನಾಗೆ ಹೇಳಿದರೆ ಅವಳು ಅಪ್ಪನ ಕಿವಿ ಕಿವುಡಾಗುವ ಹಾಗೆ ನಕ್ಕಳು. ಆಮೇಲೆ ಅತ್ತಳು.

ಮುದುಕಿಯ ಸೊಂಟ ಹಿಡಿದುಕೊಂಡಿತು. ಹೇಮಂತ ಒಗೆತಕ್ಕೆ ಹೊರಗಿನವಳನ್ನು ಇಟ್ಟುಕೊಳ್ಳಬೇಕಾಯಿತು. ಒಬ್ಬಳಿಗೆ ಪೂರೈಸಲಿಲ್ಲ, ಇನ್ನೊಬ್ಬಳು ಬಂದಳು. ಇಬ್ಬರಿಗೂ ಸಂಬಳ, ಇಬ್ಬರ ಹೆಸರೂ ನೌಕರರ ವಿಮೆಗೆ ಸೇರಿತು. ಹೆಂಡತಿಯ ಒಂದು ಹೆಸರು ಬರೆಸಿದ್ದರೆ ಮುಗಿಯುತ್ತಿದ್ದ ಕೆಲಸ. ಅದನ್ನು ಅವನ ಮುಂದೆ ಯಾರೂ ಆಡಲಿಲ್ಲ, ಅವನಿಗೇ ಗೊತ್ತಿತ್ತು. ಒಂದು ದಿನ ಉಪ್ಪಿನ ಚೀಲದಲ್ಲಿ ಉಳಿದಿದ್ದುದನ್ನು ಹೊತ್ತುಕೊಂಡು ಹೋಗಿ ಹಿಂದಿನ ಮೆಟ್ಟಿಲ ಪಕ್ಕದಲ್ಲಿಟ್ಟು ಬಂದ. ಏಪ್ರಿಲ್ ತಿಂಗಳು, ಬಿಸಿಲು ಹೊಳೆಯುತ್ತಿತ್ತು.

ಮಂಗುಬಾ ಸಂಜೆ ಕಿಟಕಿಯಲ್ಲಿ ನಿಂತಿರುತ್ತಿದ್ದಳು. ಹೆದ್ದಾರಿಯ ಮೇಲಿನ ಸೇತುವೆಯಲ್ಲಿ ಸೊಸೆ ನಡೆದು ಬರುವುದು ಕಾಣುತ್ತಿತ್ತು. ಸೀರೆಯಲ್ಲ, ಸಲ್ವಾರಲ್ಲ, ಆ ಹೋಟೆಲಿನವರು ಕೊಟ್ಟ ಬೂದು ಅಂಗಿ. ಎದೆಯ ಮೇಲೆ ಹೆಸರಿನ ಬಿಲ್ಲೆ. ಇಂಗ್ಲಿಷ್ ಓದಲು ಬಾರದ ಮಂಗುಬಾ ಒಮ್ಮೆ ಆ ಅಂಗಿ ಒಗೆಯುವಾಗ ಬಿಲ್ಲೆಯನ್ನು ಬೆರಳಿನಿಂದ ಸವರಿ ನೋಡಿದ್ದಳು. ತನ್ನ ಹೆಸರನ್ನು ಹೀಗೆ ಯಾರೂ ಎಲ್ಲಿಯೂ ಕೊರೆದಿರಲಿಲ್ಲ. ಮೋಟೆಲಿನ ಕಾಗದಗಳಲ್ಲಿ ಮೊದಲು ಭೀಖುಭಾಯಿ, ಆಮೇಲೆ ಹೇಮಂತ.

ಒಂದು ಶುಕ್ರವಾರ ನಿರು ಬರುವಾಗ ಹೊತ್ತಾಗಿತ್ತು. ಮಂಗುಬಾ ಒಲೆಯ ಮುಂದೆ ನಿಂತು ರೊಟ್ಲಿ ಸುಡುತ್ತಿದ್ದಳು. ಸೊಸೆ ಕೈಕಾಲು ತೊಳೆದುಕೊಂಡು ಬಂದು ಲಟ್ಟಣಿಗೆಗೆ ಕೈ ಚಾಚಿದಳು.

"ಬಿಡು. ಕೂತ್ಕೋ," ಎಂದಳು ಮಂಗುಬಾ.

"ನೀವು ಊಟ ಮಾಡಿ, ಬಾ. ನಾನು ಆಮೇಲೆ."

"ಕೂತ್ಕೋ ಅಂದೆ."

ನಿರು ಕೂತಳು. ಮಂಗುಬಾ ಬದನೆಕಾಯಿ ಪಲ್ಯ ಬಡಿಸಿದಳು, ಉಬ್ಬಿದ ರೊಟ್ಲಿಗೆ ತುಪ್ಪ ಸವರಿ ತಟ್ಟೆಗೆ ಹಾಕಿದಳು. ಹಬೆ ಏಳುತ್ತಿತ್ತು. ನಿರು ಅದನ್ನು ಮುರಿಯದೆ ನೋಡಿದಳು. ಈ ಮನೆಗೆ ಬಂದ ಮೇಲೆ ಬೇರೆಯವರು ಸುಟ್ಟ ಬಿಸಿ ರೊಟ್ಲಿ ಅವಳ ತಟ್ಟೆಗೆ ಬಿದ್ದದ್ದು ಇದೇ ಮೊದಲು.

"ಆರಿ ಹೋಗುತ್ತೆ, ತಿನ್ನು. ಅಲ್ಲೂ ಮೆಟ್ಟಿಲು ಇದೆಯಾ?"

"ಇದೆ."

"ಅಲ್ಲಿ ಬಿದ್ರೆ?"

"ಅವರು ನೋಡ್ಕೋತಾರೆ. ಮೊದಲ ದಿನವೇ ಹೆಸರು ಬರ್ಕೊಂಡ್ರು."

ಮಂಗುಬಾ ಇನ್ನೊಂದು ಉಂಡೆ ಹಿಟ್ಟು ತೆಗೆದು ಲಟ್ಟಿಸಿದಳು. ಎಡಗೈಯ ಸುಟ್ಟ ಗುರುತಿಗೆ ಹಿಟ್ಟು ಮೆತ್ತಿತ್ತು. "ನನ್ನಂಥ ಮುದುಕಿಯರನ್ನೂ ಬರ್ಕೋತಾರಾ?"

"ಮಡಚೋದನ್ನ ಮೊದಲು ಕಲೀಬೇಕು, ಬಾ," ಎಂದಳು ನಿರು. ಇಬ್ಬರೂ ನಕ್ಕರು. ನಗು ಬಹಳ ಹೊತ್ತು ಉಳಿಯಲಿಲ್ಲ. ನಿರು ತಟ್ಟೆಯ ಮೇಲೆ ಬಗ್ಗಿ ತಿನ್ನತೊಡಗಿದಳು. ಅವಳ ಬಲ ಮಣಿಕಟ್ಟು ಇನ್ನೂ ಪೂರ್ತಿ ತಿರುಗುತ್ತಿರಲಿಲ್ಲ.

ಹೇಮಂತ ಕೌಂಟರಿನಿಂದ ಒಳಗೆ ಬಂದು ತನ್ನ ಜಾಗದಲ್ಲಿ ಕೂತು ತಟ್ಟೆ ಎಳೆದುಕೊಂಡ. ಹೆಂಡತಿ ತನಗಿಂತ ಮೊದಲು ಉಣ್ಣುತ್ತಿರುವುದನ್ನು ಆಮೇಲೆ ನೋಡಿದ. "ಬೇಗ ಹಾಕು, ಬಾ. ಕೌಂಟರ್ ಖಾಲಿ ಇದೆ, ಹೋಗ್ಬೇಕು."

ಕಾವಲಿಯ ಮೇಲಿನ ರೊಟ್ಲಿ ಉಬ್ಬಿತು. ಮಂಗುಬಾ ಅದನ್ನೆತ್ತಿ ತುಪ್ಪ ಸವರಿದಳು, ಮಗನ ತಟ್ಟೆಯನ್ನು ದಾಟಿಸಿ ಸೊಸೆಯ ತಟ್ಟೆಗೆ ಹಾಕಿದಳು.

"ತಡಿ," ಎಂದಳು ಮಗನಿಗೆ. "ಅವಳು ಕೆಲಸದಿಂದ ಬಂದಿದಾಳೆ."